ಟೈಲರಣ್ಣನ ಮಾತ್ರೆ, ಸೊಸೆಯ ಬಸಿರು

ಗರ್ಭಿಣಿಯರಿಗೆ ಚುಚ್ಚುಮದ್ದು ಹಾಕುವ ದಿನ ಬಂತೆಂದರೆ ನನಗೆ ಒಂದೇ ಚಿಂತೆ, ಯಾರು ಬರಲಿಲ್ಲ ಎಂಬುದು. ಬಾರದವರ ಮನೆಗೆ ನಾನೇ ಕಾಲೆಳೆದುಕೊಂಡು ಹೋಗಬೇಕು. ಹೋದರೆ ಒಬ್ಬಳಿಗೆ ತಲೆನೋವು, ಇನ್ನೊಬ್ಬಳ ಗಂಡ ಊರಲ್ಲಿಲ್ಲ, ಮತ್ತೊಬ್ಬಳು ನನ್ನನ್ನು ಕಂಡೊಡನೆ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಆರೋಗ್ಯ ಕಾರ್ಯಕರ್ತೆಯಾಗಿ ಇದೇ ಬೀದಿಗಳನ್ನು ಸುತ್ತುತ್ತಿದ್ದೇನೆ. ನನ್ನ ಹತ್ತಿರ ಈ ಆಟ ನಡೆಯುವುದಿಲ್ಲ.

ಆದರೆ ಟೈಲರಣ್ಣನ ಸೊಸೆ ಎರಡು ಸಲ ತಪ್ಪಿಸಿಕೊಂಡದ್ದು ಮಾತ್ರ ನನಗೆ ಅರ್ಥವಾಗಲಿಲ್ಲ. ಅದು ಆಸ್ಪತ್ರೆಯ ಮಾತನ್ನು ಚಾಚೂ ತಪ್ಪದೆ ನಡೆಸುವ ಮನೆ. ಐದು ವರ್ಷದ ಹಿಂದೆ ಟೈಲರಣ್ಣನ ಎರಡೂ ಕಿಡ್ನಿ ಕೈಕೊಟ್ಟಾಗ ಅವನ ಹೆಂಡತಿ ತನ್ನದೊಂದನ್ನು ಕೊಟ್ಟು ಉಳಿಸಿಕೊಂಡಳು. ಗಂಡ ಹೊಲಿದ ಶರ್ಟುಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವುದು ಅವಳ ಕೆಲಸ. ಹಾಗಾಗಿ ಬೀದಿಗೆಲ್ಲ ಅವಳು ಗುಂಡಿಯಕ್ಕ.

ಆಪರೇಷನ್ ಮುಗಿಸಿ ಬಂದ ಹೊಸದರಲ್ಲಿ ಟೈಲರಣ್ಣ ಮಾತ್ರೆ ನುಂಗಲು ಮಕ್ಕಳ ಹಾಗೆ ಹಟ ಮಾಡುತ್ತಿದ್ದ. "ಈಗ ಚೆನ್ನಾಗೇ ಇದ್ದೀನಲ್ಲ, ಇನ್ಯಾಕೆ ಇದೆಲ್ಲ?" ಅನ್ನುತ್ತಿದ್ದ. ಆಗ ನಾನೇ ಅವರ ಅಂಗಡಿಯ ಬೆಂಚಿನ ಮೇಲೆ ಕೂತು ಪಾಠ ಮಾಡಿದ್ದೆ. "ನೋಡಣ್ಣ, ಮೈ ತನ್ನದಲ್ಲದ್ದನ್ನ ಒಳಗೆ ಇಟ್ಕೊಳ್ಳಲ್ಲ. ಅಕ್ಕನ ಕಿಡ್ನಿ ನಿನ್ನ ಮೈಗೆ ಹೊರಗಿನದು. ರೋಗದ ಮೇಲೆ ಬೀಳೋ ಕಾವಲು ಕಣಗಳು ಅದರ ಮೇಲೂ ಬೀಳ್ತವೆ. ಆ ಕಾವಲನ್ನ ತಗ್ಗಿಸಿ ಇಡೋದೇ ಈ ಮಾತ್ರೆ. ಒಂದು ಹೊತ್ತು ಬಿಟ್ಟರೂ ಕಷ್ಟ."

ಮಾತು ನಾಟಿತು. ಗಂಡನಿಗಿಂತ ಹೆಚ್ಚು ಹೆಂಡತಿಗೆ ನಾಟಿತು. ಗುಂಡಿ ಹಾಕಿಡುವ ಖಾನೆ ಡಬ್ಬಿಯೊಂದನ್ನು ತೊಳೆದು ಒಣಗಿಸಿ, ಬೆಳಗಿನದು ಸಂಜೆಯದು ಎಂದು ಮಾತ್ರೆ ತುಂಬಿ, ಗಡಿಯಾರ ನೋಡಿ ನುಂಗಿಸತೊಡಗಿದಳು. ಐದು ವರ್ಷದಲ್ಲಿ ಒಂದು ಹೊತ್ತೂ ತಪ್ಪಿಲ್ಲ. ನನ್ನ ಪಾಠ ಅಂದರೆ ಹೀಗಿರಬೇಕು ಅಂತ ನಾನು ಹೋದಲ್ಲೆಲ್ಲ ಹೇಳಿಕೊಂಡು ಬೀಗಿದ್ದೆ. ಆ ಬೀಗುವಿಕೆಗೆ ಅದೇ ಪಾಠದಿಂದ ಏಟು ಬೀಳುತ್ತದೆಂದು ಗೊತ್ತಿರಲಿಲ್ಲ.

ನಾನು ಹೋದಾಗ ಮಧ್ಯಾಹ್ನ ಮೂರು ಗಂಟೆ. ಮುಂದೆ ಅಂಗಡಿ, ಹಿಂದೆ ಮನೆ. ಶಾಲೆ ಶುರುವಾಗುವ ಕಾಲವಾದ್ದರಿಂದ ಅಂಗಡಿಯ ತುಂಬ ಸಮವಸ್ತ್ರದ ನೀಲಿ ಬಟ್ಟೆ. ಟೈಲರಣ್ಣ ಮಿಷನ್ನಿನ ಮುಂದೆ, ಗುಂಡಿಯಕ್ಕ ನೆಲದ ಮೇಲೆ ಚಾಪೆಯಲ್ಲಿ. ಸೊಸೆ ಗೋಡೆಗೊರಗಿ ಕೂತು ತಪ್ಪು ಬಿದ್ದ ಹೊಲಿಗೆ ಬಿಚ್ಚುತ್ತಿದ್ದಳು. ಅವಳಿಗೆ ನಾಲ್ಕು ತಿಂಗಳು ತುಂಬಿ ಐದಕ್ಕೆ ಬಿದ್ದಿತ್ತು. ಗಂಡ ಲಾರಿ ಡ್ರೈವರ್, ವಾರಕ್ಕೊಮ್ಮೆ ಮನೆಗೆ ಬರುವವನು.

"ಏನಮ್ಮ, ನನ್ನ ಸೂಜಿ ಕಂಡ್ರೆ ಅಷ್ಟು ಭಯವಾ? ದಿನಾ ಸೂಜಿ ಜೊತೆಗೇ ಇರೋಳು ನೀನು!" ಎಂದೆ.

ಸೊಸೆ ನಗಲಿಲ್ಲ. ಅತ್ತೆಯ ಮುಖ ನೋಡಿದಳು.

"ಸೂಜಿ ಬೇಡ ಸಿಸ್ಟರಮ್ಮ," ಅಂದಳು ಗುಂಡಿಯಕ್ಕ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ.

"ಯಾಕೆ ಬೇಡ? ಧನುರ್ವಾಯು ಬರದೆ ಇರ್ಲಿ ಅಂತ ಹಾಕೋದು. ತಾಯಿಗೂ ಒಳ್ಳೇದು, ಮಗುಗೂ ಒಳ್ಳೇದು."

"ಅದು ಒಳಗಿರೋ ಕಾವಲನ್ನ ಎಬ್ಬಿಸುತ್ತೆ ತಾನೆ?"

"ಹೌದು."

"ಅದಕ್ಕೇ ಬೇಡ," ಅಂದಳು. ಕೈಯಲ್ಲಿದ್ದ ಶರ್ಟನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ ಕೂತಳು. "ನೀನೇ ಅಲ್ವಾ ಹೇಳಿದ್ದು, ಮೈ ತನ್ನದಲ್ಲದ್ದನ್ನ ಇಟ್ಕೊಳ್ಳಲ್ಲ ಅಂತ? ನಾನು ಇವರ ಜೊತೆ ಮೂವತ್ನಾಲ್ಕು ವರ್ಷ ಸಂಸಾರ ಮಾಡಿದ್ದೀನಿ. ಆದ್ರೂ ಇವರ ಮೈಗೆ ನನ್ನ ಕಿಡ್ನಿ ಹಿಡಿಸಲ್ಲ. ದಿನಕ್ಕೆ ಎರಡು ಸಲ ಮಾತ್ರೆ ಹಾಕಿ ಬಾಯಿ ಮುಚ್ಚಿಸಬೇಕು. ಇನ್ನು ಇವಳು ಬಂದು ಮೂರು ವರ್ಷ. ಹೊಟ್ಟೇಲಿರೋ ಮಗು ಅರ್ಧ ನನ್ನ ಮಗಂದು. ಇವಳ ಮೈಗೆ ಅದು ಹೊರಗಿನದೇ ಅಲ್ವಾ? ಹೋದ ಸಲ ಮೂರು ತಿಂಗಳಿಗೆ ಮೊದಲೇ ಹೋಯ್ತಲ್ಲ, ಯಾಕೆ ಹೋಯ್ತು ಅಂತೀಯ? ಕಾವಲು ಬಿದ್ದು ಹೊಡೆದು ಹಾಕ್ತು. ಈಗ ನೀನು ಸೂಜಿ ಹಾಕಿ ಅದಕ್ಕೆ ಇನ್ನಷ್ಟು ಬಲ ಕೊಡ್ತೀನಿ ಅಂತೀಯ."

"ನನ್ನ ಮೈಗೆ ಹಿಡಿಸದೆ ಇರಬಹುದು ಕಣೆ, ನನಗೆ ಹಿಡಿಸಿದ್ದೀಯಲ್ಲ," ಎಂದ ಟೈಲರಣ್ಣ ಮಿಷನ್ನಿನಿಂದಲೇ. ಯಾರೂ ನಗದಿದ್ದಾಗ ಮತ್ತೆ ಪೆಡಲ್ ತುಳಿಯತೊಡಗಿದ.

ಗುಂಡಿಯಕ್ಕ ಹೇಳಿದ್ದರಲ್ಲಿ ಎಲ್ಲಿ ತಪ್ಪಿದೆ ಎಂದು ನನಗೇ ಹೊಳೆಯಲಿಲ್ಲ. ತಪ್ಪಿದೆ ಎಂದು ಗೊತ್ತು, ಇಲ್ಲದಿದ್ದರೆ ಜಗತ್ತಿನಲ್ಲಿ ಒಂದು ಮಗುವೂ ಹುಟ್ಟುತ್ತಿರಲಿಲ್ಲ. ಆದರೆ ಎಲ್ಲಿ?

ಅಷ್ಟರಲ್ಲಿ ಸೊಸೆ ಸಣ್ಣ ದನಿಯಲ್ಲಿ ಹೇಳಿದಳು. "ಅತ್ತೆ ಅದಕ್ಕೂ ಒಂದು ದಾರಿ ಮಾಡಿದ್ದಾರೆ ಸಿಸ್ಟರ್. ಇವತ್ತು ಸಂಜೆಯಿಂದ ಮಾವನ ಮಾತ್ರೆ ನನಗೂ ಅರ್ಧ."

ಪೆಡಲ್ ನಿಂತಿತು.

ಗುಂಡಿಯಕ್ಕ ಸೆರಗಿನ ಗಂಟಿನಿಂದ ಕಾಗದದ ಪೊಟ್ಟಣ ತೆಗೆದಳು. ಒಳಗೆ ಬಟ್ಟೆ ಕತ್ತರಿಯಿಂದ ಎರಡು ಹೋಳು ಮಾಡಿದ ಮಾತ್ರೆ. "ಮಧ್ಯಾಹ್ನ ಊಟ ಆದ್ಮೇಲೆ ಕತ್ತರಿಸಿದೆ. ಇವರಿಗೆ ಅರ್ಧ, ಇವಳಿಗೆ ಅರ್ಧ. ಐದು ವರ್ಷ ಆಯ್ತು, ಇವರಿಗಿನ್ನು ಅರ್ಧ ಸಾಕು ಅಂದ್ಕೊಂಡೆ," ಅಂದಳು. ಕದ್ದು ಮಾಡಿದ ಕೆಲಸ ಎಂಬ ಭಾವವೇ ಅವಳಿಗಿರಲಿಲ್ಲ. ಮೊಮ್ಮಗುವಿಗಾಗಿ ಲೆಕ್ಕ ಹಾಕಿ ಮಾಡಿದ ಕೆಲಸ ಅದು.

"ನುಂಗಿದ್ಯಾ?" ಎಂದು ಸೊಸೆಯ ಭುಜ ಹಿಡಿದು ಕೇಳಿದೆ.

"ಇಲ್ಲ. ಸಂಜೆಗೆ ಅಂದಿದ್ರು."

"ಬೆಳಿಗ್ಗೆ? ನಿನ್ನೆ?"

"ಇಲ್ಲ ಸಿಸ್ಟರ್. ಇನ್ನೂ ಮುಟ್ಟಿಲ್ಲ."

"ನಿನ್ನ ಮಾತ್ರೆ ಸರಿಯಾಗಿ ಸಿಕ್ಕಿದೆಯಾ ಅಣ್ಣ?"

"ಬೆಳಗಿನದು ಪೂರ್ತಿ ನುಂಗಿದ್ದೀನಿ," ಅಂದ ಅವನು. ಹೆಂಡತಿಯನ್ನು ನೋಡಿದ. "ನನ್ನದರಲ್ಲಿ ಅರ್ಧ ಕತ್ತರಿಸಿಬಿಟ್ಯಾ? ಒಂದು ಮಾತು ಕೇಳದೆ?"

"ಕೇಳಿದ್ರೆ ಪೂರ್ತಿ ಅವಳಿಗೇ ಕೊಡು ಅಂತಿದ್ರಿ. ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ?"

ಪೊಟ್ಟಣ ಕಸಿದುಕೊಂಡೆ. "ಅಕ್ಕ, ನೀನು ಕೇಳಿದ್ದಕ್ಕೆ ಉತ್ತರ ನನಗೆ ಗೊತ್ತಿಲ್ಲ. ಆದ್ರೆ ಈ ಮಾತ್ರೆ ಇವಳ ಬಾಯಿಗೆ ಹೋಗಬಾರದು ಅನ್ನೋದು ಗೊತ್ತು. ಎದ್ದೇಳಿ ಎಲ್ಲ. ಆರೋಗ್ಯ ಕೇಂದ್ರಕ್ಕೆ ಹೋಗೋಣ. ಡಾಕ್ಟರಮ್ಮ ಐದರವರೆಗೆ ಇರ್ತಾರೆ."

"ಸಮವಸ್ತ್ರ ನಾಳೆ ಕೊಡ್ಬೇಕು," ಅಂದಳು ಗುಂಡಿಯಕ್ಕ.

"ಮಕ್ಕಳು ಒಂದು ದಿನ ಹಳೇದು ಹಾಕ್ಕೊಂಡು ಹೋಗ್ಲಿ," ಎಂದು ಟೈಲರಣ್ಣ ಆಗಲೇ ಅಂಗಡಿಯ ಶಟರ್ ಎಳೆಯುತ್ತಿದ್ದ.

ದಾರಿಯುದ್ದಕ್ಕೂ ಸೊಸೆ ನನ್ನ ಕೈ ಹಿಡಿದುಕೊಂಡು ನಡೆದಳು. ನನ್ನ ಅರ್ಧಂಬರ್ಧ ಪಾಠದಿಂದ ಇಷ್ಟು ದೊಡ್ಡ ಎಡವಟ್ಟು ಆಗುವುದರಲ್ಲಿತ್ತಲ್ಲ ಎಂದು ನನಗೆ ನಾಚಿಕೆಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ನಮ್ಮ ಡಾಕ್ಟರಮ್ಮ ಸಿಡುಕಿನ ಹೆಂಗಸು. ಪೊಟ್ಟಣ ಬಿಚ್ಚಿ ನೋಡಿದವರೇ ಕನ್ನಡಕ ತೆಗೆದಿಟ್ಟರು. "ಯಾರು ಕತ್ತರಿಸಿದ್ದು ಇದನ್ನ?"

"ನಾನು, ಇವರಿಗೆ ಅರ್ಧ, ಸೊಸೆಗೆ ಅರ್ಧ ಅಂತ," ಅಂದಳು ಗುಂಡಿಯಕ್ಕ. ಮೊದಲ ಸಲ ಅವಳ ದನಿ ಕುಗ್ಗಿತು.

"ಇವಳು ನುಂಗಿಲ್ಲ ತಾನೆ? ನೀನು ಬದುಕಿದೆ, ನಾನೂ ಬದುಕಿದೆ. ಈ ಮಾತ್ರೆ ಗರ್ಭಕ್ಕೆ ನೇರವಾಗಿ ಹಾನಿ ಮಾಡುವಂಥದ್ದು. ಗರ್ಭ ಹೋಗಬಹುದು, ಉಳಿದರೂ ಮಗುವಿನ ಕಿವಿ, ತುಟಿ, ಹೃದಯ ಸರಿಯಾಗಿ ಬೆಳೆಯದೆ ಹೋಗಬಹುದು. ಬಸುರಿಯಾದವಳು ಇದರ ಪುಡಿಯನ್ನ ಮುಟ್ಟಲೂ ಬಾರದು. ಇನ್ನು ಇವರಿಗೆ ಅರ್ಧ ಕೊಟ್ಟಿದ್ದರೆ ನೀನು ಕೊಟ್ಟ ಕಿಡ್ನಿಯನ್ನ ನೀನೇ ಕೈಯಾರೆ ಕಳೀತಿದ್ದೆ."

ಗುಂಡಿಯಕ್ಕ ಅಲ್ಲೇ ತೂಕ ನೋಡುವ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಕಣ್ಣಲ್ಲಿ ನೀರು ಬಂತು. ಡಾಕ್ಟರಮ್ಮನ ಸಿಡುಕು ಇಳಿಯಿತು. "ಅಳಬೇಡ. ಏನೂ ಆಗಿಲ್ಲ. ಯಾಕೆ ಹೀಗೆ ಮಾಡಿದೆ, ಅದನ್ನ ಹೇಳು."

ಅವಳ ಬದಲು ನಾನೇ ಹೇಳಿದೆ. ನನ್ನ ಪಾಠವನ್ನೂ ಬಚ್ಚಿಡದೆ ಹೇಳಿದೆ. ಡಾಕ್ಟರಮ್ಮ ನನ್ನತ್ತ ನೋಡಿ, "ಪಾಠ ಸರಿಯಾಗೇ ಹೇಳಿದ್ದೀರಿ, ಅರ್ಧಕ್ಕೆ ಎದ್ದು ಬಂದಿದ್ದೀರಿ," ಅಂದರು. ಆಮೇಲೆ ಗುಂಡಿಯಕ್ಕನ ಕಡೆ ತಿರುಗಿದರು. "ನೀನು ಕೇಳಿದ್ದು ದೊಡ್ಡ ದೊಡ್ಡ ವಿಜ್ಞಾನಿಗಳು ಕೇಳಿದ ಪ್ರಶ್ನೆ ಕಣಮ್ಮ. ದಡ್ಡ ಪ್ರಶ್ನೆ ಅಲ್ಲವೇ ಅಲ್ಲ. ಮಗು ಅರ್ಧ ತಂದೆಯದು, ನಿಜ. ತಾಯಿಯ ಮೈಗೆ ಅದು ಗೊತ್ತಾಗುತ್ತೆ, ಅದೂ ನಿಜ. ಗೊತ್ತಿದ್ದೂ ಇಟ್ಕೊಳ್ಳುತ್ತೆ."

"ಹೇಗೆ?" ಎಂದು ಕೇಳಿದವಳು ಸೊಸೆ.

"ಮಗುವಿನ ಜೊತೆ ಮಾಸು ಬೆಳೆಯುತ್ತಲ್ಲ, ಹೆರಿಗೆಯಾದ ಮೇಲೆ ಬೀಳೋದು, ಅದೇ. ಅದನ್ನ ಮುಖ್ಯವಾಗಿ ಕಟ್ಟೋದು ಮಗುವಿನ ಕಡೆಯ ಕಣಗಳೇ. ತಾಯಿಗೂ ಮಗುವಿಗೂ ನಡುವೆ ಅದು ನಿಂತಿರುತ್ತೆ. ಅದರ ಮೂಲಕ ಊಟ ಹೋಗುತ್ತೆ, ಉಸಿರು ಹೋಗುತ್ತೆ, ಆದರೆ ಇಬ್ಬರ ರಕ್ತ ನೇರವಾಗಿ ಬೆರೆಯಲ್ಲ. ಗಡಿಯಲ್ಲಿರೋ ಆ ಕಣಗಳು ತಂದೆ ಕಡೆಯ ಗುರುತುಗಳನ್ನ ಹೆಚ್ಚಾಗಿ ಹೊರಗೆ ತೋರಿಸೋದೇ ಇಲ್ಲ. ಬದಲಿಗೆ ತಾಯಿಯ ಕಾವಲು ಕಣಗಳನ್ನ ಸಮಾಧಾನ ಮಾಡೋ ಬೇರೆ ಒಂದು ಗುರುತು ತೋರಿಸ್ತವೆ."

"ತಾಯಿ ಕಡೆಯವರು ಸುಮ್ನಿರ್ತಾರಾ?" ಎಂದ ಟೈಲರಣ್ಣ, ಬೀಗರ ಮನೆಯ ವಿಷಯ ಕೇಳುವವನ ಹಾಗೆ.

"ಸುಮ್ನಿರಲ್ಲ, ಕೆಲಸ ಮಾಡ್ತಾರೆ. ಕಾವಲು ಕಣಗಳಲ್ಲಿ ಜಗಳ ಬಿಡಿಸೋ ಕಣಗಳು ಅಂತ ಇವೆ. ಬಸಿರಲ್ಲಿ ಅವು ಹೆಚ್ಚಾಗ್ತವೆ, ಮಗುವಿನ ತಂಟೆಗೆ ಹೋಗಬೇಡಿ ಅಂತ ಉಳಿದವನ್ನ ತಡೆದು ಹಿಡೀತವೆ. ಗರ್ಭಕೋಶದಲ್ಲಿರೋ ಕೆಲವು ಕಾವಲು ಕಣಗಳಂತೂ ಹೊಡೆದಾಟ ಬಿಟ್ಟು, ಮಗುವಿಗೆ ರಕ್ತ ಚೆನ್ನಾಗಿ ಹೋಗಲಿ ಅಂತ ರಕ್ತನಾಳ ಅಗಲ ಮಾಡೋದಕ್ಕೆ ಕೈಜೋಡಿಸ್ತವೆ. ಎಲ್ಲವೂ ಗೊತ್ತಾಗಿಬಿಟ್ಟಿದೆ ಅಂತ ನಾನು ಹೇಳಲ್ಲ, ಇನ್ನೂ ಹುಡುಕ್ತಾನೇ ಇದ್ದಾರೆ."

"ಹಾಗಾದ್ರೆ ಕಿಡ್ನಿ ದಿಢೀರಂತ ಮನೆಗೆ ನುಗ್ಗಿದ ನೆಂಟ," ಎಂದ ಟೈಲರಣ್ಣ. "ಮಗು ಬಾಗಿಲಲ್ಲೇ ನಿಂತು ಮಾತಾಡಿಕೊಂಡು, ಮನೆಯವರನ್ನ ಒಪ್ಪಿಸಿ, ಒಳಗೆ ಬಂದ ನೆಂಟ."

"ಹೆಚ್ಚು ಕಡಿಮೆ ಹಾಗೇ," ಎಂದು ಡಾಕ್ಟರಮ್ಮ ನಕ್ಕರು.

ಗುಂಡಿಯಕ್ಕ ಮೂಗು ಒರೆಸಿಕೊಂಡಳು. ಅವಳು ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ಎಲ್ಲ ಸರಿ. ಇವಳ ಮೈಯಲ್ಲೂ ಹೀಗೇ ನಡೀತಿದೆ ಅಂತ ಏನು ಗ್ಯಾರಂಟಿ?"

ಡಾಕ್ಟರಮ್ಮ ಉತ್ತರ ಕೊಡದೆ ಇನ್ನೊಂದು ಪ್ರಶ್ನೆ ಕೇಳಿದರು. "ನಿನಗೆ ಎಷ್ಟು ಮಕ್ಕಳು?"

"ಒಬ್ಬ ಮಗ."

"ಅವನು ಹೊಟ್ಟೇಲಿದ್ದಾಗ ಕಾವಲು ತಗ್ಗಿಸೋಕೆ ಯಾವ ಮಾತ್ರೆ ನುಂಗಿದ್ದೆ?"

ಗುಂಡಿಯಕ್ಕ ನನ್ನನ್ನು ನೋಡಿದಳು, ಸೊಸೆಯನ್ನು ನೋಡಿದಳು. ಕೊನೆಗೆ ಗಂಡನನ್ನು ನೋಡಿದಳು, ಅವನನ್ನು ನೋಡುತ್ತ ನೋಡುತ್ತ ಅವಳ ಮುಖ ಅರಳತೊಡಗಿತು.

"ರೀ," ಅಂದಳು. "ನನ್ನದು ಇಷ್ಟು ಚೂರು ನಿಮ್ಮ ಮೈಯಲ್ಲಿರೋಕೆ ದಿನಕ್ಕೆ ಎರಡು ಸಲ ಮಾತ್ರೆ ಬೇಕು. ನಿಮ್ಮದನ್ನ ನಾನು ಒಂಬತ್ತು ತಿಂಗಳು ಒಂದು ಮಾತ್ರೆ ಇಲ್ದೆ ಇಟ್ಕೊಂಡಿದ್ದೆ!"

"ನೀನು ದೊಡ್ಡವಳು, ಒಪ್ಕೊಂಡೆ," ಎಂದು ಟೈಲರಣ್ಣ ಎರಡೂ ಕೈ ಮುಗಿದ. ಹೊರಗೆ ಸಾಲಿನಲ್ಲಿ ಕೂತಿದ್ದವರು ಇಣುಕಿ ನೋಡುವಷ್ಟು ನಾವೆಲ್ಲ ನಕ್ಕೆವು.

ಸೊಸೆ ಮಾತ್ರ ನಗಲಿಲ್ಲ. ನಗು ನಿಂತ ಮೇಲೆ ಕೇಳಿದಳು. "ಹಾಗಾದ್ರೆ ಹೋದ ಸಲ? ಅತ್ತೆ ಮೈ ಇಟ್ಕೊಳ್ತು. ನನ್ನ ಮೈ ಯಾಕೆ ಇಟ್ಕೊಳ್ಳಲಿಲ್ಲ? ನನ್ನ ಮೈಯೇ ಕೆಟ್ಟದ್ದಾ?"

ಒಂದು ವರ್ಷದಿಂದ ಅವಳ ಹೊಟ್ಟೆಯೊಳಗೆ ಕೂತಿದ್ದ ಮಾತು ಅದು. ಅವಳನ್ನು ನೋಡಲು ಎಷ್ಟೋ ಸಲ ಹೋಗಿದ್ದೇನೆ. ರಕ್ತ ಎಷ್ಟಿದೆ, ತೂಕ ಎಷ್ಟಿದೆ ಎಂದು ಕೇಳಿದ್ದೇನೆ, ಇದನ್ನು ಕೇಳಿರಲಿಲ್ಲ.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಅವಳ ಎದುರಿಗೆ ಬಂದು ಕೂತರು. "ಇಲ್ಲಿ ನೋಡಮ್ಮ. ಮೊದಲ ಮೂರು ತಿಂಗಳಲ್ಲಿ ಹೋಗೋ ಗರ್ಭಗಳು ಬಹಳ ಇವೆ. ಯಾರೂ ಹೇಳಿಕೊಳ್ಳಲ್ಲ, ಅಷ್ಟೇ. ಅದರಲ್ಲಿ ಹೆಚ್ಚಿನವು ಹೋಗೋದು ಮೊದಲ ದಿನಗಳಲ್ಲೇ ಬೀಜದ ಜೋಡಣೆಯಲ್ಲಿ ಏನೋ ಒಂದು ಹೆಚ್ಚುಕಮ್ಮಿ ಆಗಿರುತ್ತೆ, ಅದಕ್ಕೆ. ನೀನು ಭಾರ ಎತ್ತಿದ್ದರಿಂದ ಅಲ್ಲ, ಮೆಟ್ಟಿಲು ಹತ್ತಿದ್ದರಿಂದ ಅಲ್ಲ. ನಿನ್ನ ಮೈ ಕೆಟ್ಟದ್ದೂ ಅಲ್ಲ. ಮತ್ತೆ ಮತ್ತೆ ಹಾಗಾದರೆ ಪರೀಕ್ಷೆ ಮಾಡಿಸಬೇಕು, ಆಗ ಬೇರೆ ಕಾರಣ ಸಿಗಬಹುದು. ಒಂದು ಸಲ ಆಗಿದ್ದಕ್ಕೆ ನಿನ್ನನ್ನ ನೀನೇ ಬೈಕೊಳ್ಳೋದು ಬೇಡ. ಬಾ, ಮಲಗು."

ಮಂಚದ ಸುತ್ತ ಪರದೆ ಎಳೆದರು. ಗುಂಡಿಯಕ್ಕನೂ ನಾನೂ ಒಳಗೆ, ಟೈಲರಣ್ಣ ಹೊರಗೆ. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಎದೆಬಡಿತ ಕೇಳುವ ಪುಟ್ಟ ಯಂತ್ರ ಇಟ್ಟರು. ಮೊದಲು ಬರೀ ಗರಗರ ಸದ್ದು. ಯಂತ್ರವನ್ನು ಅತ್ತ ಸರಿಸಿದರು, ಇತ್ತ ಸರಿಸಿದರು. ಗುಂಡಿಯಕ್ಕನ ಕೈ ನನ್ನ ಮಣಿಕಟ್ಟನ್ನು ಹಿಂಡುತ್ತಿತ್ತು. ಆಮೇಲೆ ಸಿಕ್ಕಿತು. ಟಕ ಟಕ ಟಕ ಟಕ ಎಂದು ಒಂದೇ ಉಸಿರಿಗೆ ಓಡುವ ಸದ್ದು.

"ಇಷ್ಟು ಜೋರಾಗಿ ಓಡ್ತಿದೆಯಲ್ಲ, ಹೆದರಿದೆಯಾ ಮಗು?" ಎಂದು ಗುಂಡಿಯಕ್ಕ ಪಿಸುಗುಟ್ಟಿದಳು.

"ಮಗುವಿನ ಎದೆ ಓಡೋದೇ ಹಾಗೆ. ಹೆದರಿರೋದು ನೀವು ನಾಲ್ಕು ಜನ. ಅದು ಹಾಯಾಗಿದೆ."

ಪರದೆಯಾಚೆ ಟೈಲರಣ್ಣ ಜೋರಾಗಿ ಮೂಗೆಳೆದುಕೊಂಡದ್ದು ಕೇಳಿಸಿತು. ಸೊಸೆ ಕಣ್ಣು ಮುಚ್ಚಿ ಮಲಗಿದ್ದಳು. ಕಣ್ಣಂಚಿನಿಂದ ಇಳಿದ ನೀರು ಕಿವಿಯ ಕಡೆ ಹರಿಯುತ್ತಿತ್ತು, ತುಟಿ ಮಾತ್ರ ನಗುತ್ತಿತ್ತು. ಎದ್ದು ಕೂತವಳು ತಾನೇ ರವಿಕೆಯ ತೋಳು ಮೇಲಕ್ಕೆ ಸರಿಸಿ ನನ್ನ ಮುಂದೆ ಭುಜ ಒಡ್ಡಿದಳು. "ಸೂಜಿ ಹಾಕಿ ಸಿಸ್ಟರ್."

"ಕಾವಲು ಏಳಲ್ವಾ?" ಅಂದಳು ಗುಂಡಿಯಕ್ಕ. ಅದು ಜಗಳದ ಪ್ರಶ್ನೆಯಾಗಿರಲಿಲ್ಲ, ತಿಳಿದುಕೊಳ್ಳುವ ಪ್ರಶ್ನೆ.

"ಏಳಲಿ ಬಿಡು," ಅಂದರು ಡಾಕ್ಟರಮ್ಮ. "ಬಸಿರಲ್ಲಿ ಕಾವಲು ಪೂರ್ತಿ ನಿದ್ದೆ ಹೋಗಿರಲ್ಲ. ರೋಗ ಬಂದ್ರೆ ಹೋರಾಡಬೇಕಲ್ಲ? ಈ ಸೂಜಿ ಧನುರ್ವಾಯುವಿನ ಗುರುತು ಮಾತ್ರ ಹೇಳಿಕೊಡುತ್ತೆ, ಮಗುವಿನ ಮೇಲೆ ಎತ್ತಿಕಟ್ಟಲ್ಲ. ಇದರಿಂದ ತಾಯಿಯ ರಕ್ತದಲ್ಲಿ ಹುಟ್ಟೋ ರಕ್ಷಣೆ ಮಾಸು ದಾಟಿ ಮಗುವಿಗೂ ಹೋಗುತ್ತೆ. ಹುಟ್ಟಿದ ಮೊದಲ ವಾರಗಳಲ್ಲಿ ಮಗುವನ್ನ ಕಾಯೋದು ಅದೇ."

ಸೂಜಿ ಹಾಕಿದೆ. ಮಾತ್ರೆಯ ಹೋಳುಗಳನ್ನು ಡಾಕ್ಟರಮ್ಮ ತಾವೇ ಇಟ್ಟುಕೊಂಡರು. ಟೈಲರಣ್ಣ ಅಂದು ಸಂಜೆ ಪೂರ್ತಿ ಮಾತ್ರೆ ನುಂಗಿದ, ಒಂದಲ್ಲ ಎರಡು ಸಲ ಅದನ್ನು ನನಗೆ ಫೋನಿನಲ್ಲಿ ವರದಿ ಮಾಡಿದ. ಸೊಸೆ ಮುಂದಿನ ತಿಂಗಳು ಎರಡನೇ ಸೂಜಿಗೆ ನನಗಿಂತ ಮೊದಲೇ ಬಂದು ಕೇಂದ್ರದ ಬಾಗಿಲಲ್ಲಿ ಕೂತಿದ್ದಳು. ದಿನ ತುಂಬಿ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು, ತೂಕ ಮೂರು ಕೆಜಿಗೆ ಸ್ವಲ್ಪ ಕಮ್ಮಿ. ನಾನು ನೋಡಲು ಹೋದಾಗ ಬಾಣಂತಿ ನನ್ನ ಕಿವಿಯ ಹತ್ತಿರ ಬಗ್ಗಿ, "ಇಟ್ಕೊಳ್ತು ನೋಡಿ ಸಿಸ್ಟರ್," ಅಂದಳು. ನಾನು ಈ ಕೆಲಸದಲ್ಲಿ ಬಹಳ ಥ್ಯಾಂಕ್ಸು ಕೇಳಿದ್ದೇನೆ, ಇಷ್ಟು ಹಗುರಾದ ದನಿ ಕೇಳಿರಲಿಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಒಬ್ಬರಿಗೆ ಬರೆದುಕೊಟ್ಟ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡಬೇಡಿ, ಬಸುರಿಗಂತೂ ಕೊಡಲೇಬೇಡಿ. ಕಿಡ್ನಿ ಹಾಕಿಸಿಕೊಂಡವರು ಡಾಕ್ಟರು ಹೇಳದೆ ಒಂದು ಹೊತ್ತಿನ ಮಾತ್ರೆಯನ್ನೂ ಬಿಡಬೇಡಿ, ಕಮ್ಮಿ ಮಾಡಬೇಡಿ. ಕಿಡ್ನಿ ಹಾಕಿಸಿಕೊಂಡ ಹೆಣ್ಣುಮಗಳಿಗೆ ಮಗು ಬೇಕಿದ್ದರೆ ಬಸಿರಾಗುವ ಮೊದಲೇ ಡಾಕ್ಟರನ್ನು ಕಾಣಲಿ, ಮಾತ್ರೆ ಬದಲಾಯಿಸುವ ದಾರಿ ಇದೆ. ಬಸಿರಿನಲ್ಲಿ ಹಾಕಿಸಬೇಕಾದ ಚುಚ್ಚುಮದ್ದನ್ನು ತಪ್ಪಿಸಬೇಡಿ. ರಕ್ತ ಕಂಡರೆ, ಜ್ವರ ಬಂದರೆ, ಮಗುವಿನ ಓಡಾಟ ಕಮ್ಮಿಯಾದಂತೆ ಅನಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆಗೆ ನಿಮ್ಮ ಅನುಮಾನ ಹೇಳಿ, ಎಷ್ಟೇ ವಿಚಿತ್ರವಾಗಿದ್ದರೂ ಹೇಳಿ. ನನ್ನ ಹಾಗೆ ಅವಳಿಗೆ ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹತ್ತಿರ ಕರೆದುಕೊಂಡು ಹೋಗುತ್ತಾಳೆ.

ಇನ್ನೊಂದು ಮಾತಿದೆ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಗರ್ಭ ನಿಲ್ಲದೆ ಹೋದ ಹೆಣ್ಣುಮಗಳು ಒಬ್ಬಳಾದರೂ ಇದ್ದೇ ಇರುತ್ತಾಳೆ. ಅವಳು ಕೇಳುವುದಿಲ್ಲ, ನೀವಾಗೇ ಹೋಗಿ ಪಕ್ಕದಲ್ಲಿ ಕೂತು ಹೇಳಿ: ನೀನೇನೂ ತಪ್ಪು ಮಾಡಿಲ್ಲ. ಇವತ್ತೇ ಹೇಳಿ.